ದೇವದುರ್ಗದ ಪುಟದಲ್ಲಿ ಬಾರದ ಸಾಲು

ರಾಯಚೂರಿನ ನಮ್ಮ ಪತ್ರಿಕೆಯ ಕಚೇರಿಯಲ್ಲಿ ನಿಧನ ವಾರ್ತೆಗಳ ಪಟ್ಟಿ ನನ್ನ ಜವಾಬ್ದಾರಿ. ಫೋನಿನಲ್ಲಿ ಬಂದ ಪ್ರತಿ ಸಾವೂ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲಾಗುತ್ತದೆ: ಹೆಸರು, ವಯಸ್ಸು, ಊರು, ಅಂತ್ಯಕ್ರಿಯೆಯ ಹೊತ್ತು, ಯಾವ ತಾಲ್ಲೂಕಿನ ಪುಟ. ಮಾನ್ವಿಯ ಪುಟ ದೇವದುರ್ಗಕ್ಕೆ ಹೋಗುವುದಿಲ್ಲ.

ಒಂದು ಮಧ್ಯಾಹ್ನ ಮಾನ್ವಿ ಹತ್ತಿರದ ಕುರ್ಡಿಯಿಂದ ಹೆಣ್ಣುಮಗಳೊಬ್ಬರು ಫೋನ್ ಮಾಡಿದರು. ನಿವೃತ್ತ ಶಿಕ್ಷಕರಾಗಿದ್ದ ಅವರ ತಂದೆ ತೀರಿಕೊಂಡಿದ್ದರು.

"ಸರ, ದೇವದುರ್ಗದ ಪುಟಕ್ಕೂ ಹಾಕ್ರಿ. ಅಪ್ಪ ಅಲ್ಲೇ ಸಾಲಿ ಕಲಿಸಿದ್ದು. ಅವರ ಕಡಿ ಕಲಿತ ಹುಡುಗ್ರು ಬರಬೇಕಂತ ಅವ್ವ ಹಟ ಹಿಡದಾಳ, ಯಾರ ನಂಬರೂ ನಮ್ಮ ಕಡಿ ಇಲ್ಲ. ನಾಳಿ ಎರಡಕ್ಕ ಮಣ್ಣು."

ಒಂದೇ ಸುದ್ದಿಯನ್ನು ಎರಡು ಪುಟಗಳಿಗೆಂದು ಎರಡು ಸಾಲಾಗಿ, ಒಂದರ ಕೆಳಗೊಂದು ಬರೆದೆ.

ಅಂದು ಪಟ್ಟಿ ಉದ್ದವಿತ್ತು. ಅದೇ ಫೈಲಿಗೆ ಇನ್ನೊಂದು ವಿಂಡೋ ತೆರೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಎಡಗಡೆಯದನ್ನು ನೋಡಿ ದೇವದುರ್ಗದ ಪುಟ, ಬಲಗಡೆಯದನ್ನು ನೋಡಿ ಮಾನ್ವಿಯದು ತುಂಬಿಸುವುದೆಂದು ಲೆಕ್ಕ. ಫೈಲಿನ ಹೆಸರಿನ ಮುಂದೆ ಒಂದರಲ್ಲಿ 1, ಮತ್ತೊಂದರಲ್ಲಿ 2 ಎಂದಿತ್ತು. ಎರಡನೆಯದು ನಕಲು ಪ್ರತಿ ಎಂದುಕೊಂಡೆ. ಒಂದೇ ಪುಟದಲ್ಲಿ ಒಂದು ಸುದ್ದಿ ಎರಡು ಸಲ ಬರಬಾರದೆಂಬುದು ಡೆಸ್ಕಿನಲ್ಲಿ ನಾನು ಕಲಿತ ಮೊದಲ ಪಾಠ. ಬಲಗಡೆ ಮೇಷ್ಟ್ರ ಹೆಸರು ಎರಡು ಸಲ ಕಂಡಿತು. ದೇವದುರ್ಗದ ಸಾಲನ್ನು ಅಲ್ಲಿಂದ ಅಳಿಸಿ ಸೇವ್ ಮಾಡಿದೆ. ಎಡಗಡೆ ಅದು ಇದ್ದೇ ಇರುತ್ತದೆಂದು ನಂಬಿದ್ದೆ.

ಎರಡು ದಿನ ಬಿಟ್ಟು ಕುರ್ಡಿಯ ಆ ಹೆಣ್ಣುಮಗಳು ಮತ್ತೆ ಫೋನ್ ಮಾಡಿದರು. "ಒಬ್ಬರೂ ಬರಲಿಲ್ರಿ ಸರ. ಐದರ ತನಕ ಅಪ್ಪನ್ನ ಹಂಗಽ ಇಟಗೊಂಡು ಕುಂತಿದ್ವಿ. ಪೇಪರ್‌ನಾಗ ನೋಡಿನೂ ಬರಲಿಲ್ಲಂದ್ರ ಏನನ್ನಬೇಕ್ರಿ?"

ವಿಚಾರಿಸಿ ಹೇಳುತ್ತೇನೆಂದು ಫೋನಿಟ್ಟು ದೇವದುರ್ಗದ ಪುಟ ತೆಗೆದೆ. ಸುದ್ದಿ ಇರಲಿಲ್ಲ. ನಾನು ಮಾಡಿದ್ದನ್ನು ಹೇಳಿದಾಗ ಪುಟ ವಿನ್ಯಾಸ ಮಾಡುವವನು ಎರಡೂ ವಿಂಡೋ ತೆರೆದು, ಒಂದರಲ್ಲಿ ಒಂದಕ್ಷರ ಒತ್ತಿದ. ಇನ್ನೊಂದರಲ್ಲೂ ಅದು ಮೂಡಿತು.

"ಕಿಟಕಿ ಎರಡು, ಮನಿ ಒಂದಽ ಅಲ್ರೀ ಸರ. ಇಷ್ಟು ವರ್ಷ ಆತು, ಇದು ಗೊತ್ತಿಲ್ಲೇನ್ರಿ?"

ಕುರ್ಡಿಗೆ ಫೋನ್ ಮಾಡಿ ತಪ್ಪು ನನ್ನದೆಂದೆ. ನಾಳೆ ದೇವದುರ್ಗದ ಪುಟದಲ್ಲಿ ಹಾಕುತ್ತೇನೆಂದೂ ಹೇಳಿದೆ.

ಮಗಳು ಒಪ್ಪಲಿಲ್ಲ. "ಈಗ ನೋಡಿ ಬಂದು ಅವರು ಯಾರನ್ನ ನೋಡಬೇಕ್ರಿ? ಬ್ಯಾಡ. ಅವ್ವಗ ಮಾತ್ರ ಇದನ್ನ ನೀವಽ ಹೇಳ್ರಿ. ಎರಡು ದಿನದಿಂದ ಆ ಹುಡುಗ್ರನ್ನ ಬೈಯಾಕತ್ತಾಳ."

ಫೋನು ಕೈ ಬದಲಾಯಿತು. ವಿಂಡೋಗಳ ವಿಷಯ ಎತ್ತಲಿಲ್ಲ. ಸುದ್ದಿ ಹೋಗದಿದ್ದುದು ನನ್ನಿಂದ ಎಂದಷ್ಟೇ ಹೇಳಿದೆ.

"ಸುಮ್ಮಸುಮ್ಮನ ಬೈದೆನಲ್ಲೋ ಯಪ್ಪಾ," ಎಂದರು ಆ ತಾಯಿ. ಆಮೇಲೆ ಕೇಳಿದರು, "ಗೊತ್ತಾಗಿದ್ರ ಬರ್ತಿದ್ರು, ಹೌದಿಲ್ಲೋ?"

ಖಚಿತವಾಗಿ ಗೊತ್ತಿಲ್ಲದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಒಂದು ಸಾಲೂ ಬರೆದವನಲ್ಲ.

"ಬರ್ತಿದ್ರು, ಯವ್ವಾ," ಎಂದೆ.