ಒಂದು ತೊಟ್ಟು ಎಣ್ಣೆ

ಬೀದರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯ ಮಕ್ಸೂದ ೧೯೫೭ರ ಜನವರಿ ಇಪ್ಪತ್ತನಾಲ್ಕು, ಗುರುವಾರ ಬೆಳಿಗ್ಗೆ ತೀರಿಕೊಂಡ. ಎದೆನೋವೆಂದು ಕೂತವನು ಏಳಲಿಲ್ಲ. ವಯಸ್ಸು ನಲವತ್ತಾರು. ಸುದ್ದಿ ಭಾಲ್ಕಿಗೆ ಬಂದಾಗ ನಾನು ಎಂಟನೆಯ ತರಗತಿಗೆ ವಿದ್ಯುತ್ತಿನ ಪಾಠ ಹೇಳುತ್ತಿದ್ದೆ. ಪಾಠ ಮುಗಿಸಿಯೇ ಹೊರಟೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು.

ವಾಚು ಬಿಚ್ಚುವ ಮೊದಲು ಅವನು ಅದನ್ನು ಕಿವಿಗೆ ಹಿಡಿಯುತ್ತಿದ್ದ. ಮುಚ್ಚುವ ಮೊದಲು ಸೂಜಿಯ ತುದಿಯಿಂದ ಒಂದು ತೊಟ್ಟು ಎಣ್ಣೆ ಇಡುತ್ತಿದ್ದ. ಗಿರಾಕಿ ಕೇಳಲಿ ಬಿಡಲಿ, ಆ ತೊಟ್ಟು ತಪ್ಪುತ್ತಿರಲಿಲ್ಲ. ಅವನ ತಂದೆಯೂ ಹಾಗೆಯೇ ಮಾಡುತ್ತಿದ್ದರಂತೆ.

ಹಿಂದಿನ ವರ್ಷ ನಮ್ಮ ಶಾಲೆಗೆ ಹೈದರಾಬಾದಿನ ನಿವೃತ್ತ ಎಂಜಿನಿಯರೊಬ್ಬರು ರೇಡಿಯೋದಿಂದ ನಡೆಸುವ ಮಾದರಿ ವಿಮಾನ ಕೊಟ್ಟಿದ್ದರು. ನೆಲದ ಮೇಲೆ ನಿಂತು ಗುಂಡಿ ಒತ್ತಿದರೆ, ಅದರ ಹೊಟ್ಟೆಯಲ್ಲಿರುವ ಬೆಂಕಿಪೊಟ್ಟಣದಷ್ಟು ಯಂತ್ರ ಬಾಲದ ಪಟ್ಟಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ. ಅದಕ್ಕೆ ಸರ್ವೋ ಎನ್ನುತ್ತಾರೆ. ನಾವು ಮೈಸೂರು ರಾಜ್ಯಕ್ಕೆ ಸೇರುವ ನವೆಂಬರ್ ಒಂದರಂದು ಅದನ್ನು ಹಾರಿಸಬೇಕೆಂದು ಮುಖ್ಯಗುರು ಕಾಶೀರಾಮರು ಹೇಳಿದರು. ಸರ್ವೋ ಕಿರಗುಟ್ಟುತ್ತಿತ್ತು. ಮಕ್ಸೂದನಿಗೆ ಒಯ್ದು ಕೊಟ್ಟೆ. ಸದ್ದು ನಿಂತಿತು.

ನವೆಂಬರ್ ಒಂದರಂದು ವಿಮಾನ ಏರಿತು, ಎಡಕ್ಕೆ ತಿರುಗಿತು. ಬಲದ ಗುಂಡಿ ಎಷ್ಟು ಒತ್ತಿದರೂ ಎಡಕ್ಕೇ ಸುತ್ತುತ್ತ ಭಾತಂಬ್ರಾ ರಸ್ತೆಯ ತೊಗರಿ ಹೊಲದಲ್ಲಿ ಬಿತ್ತು. ಅದರ ರೇಡಿಯೋ ತಂತಿಗಳನ್ನು ಬೆಸೆದವನು ನಾನು.

"ಮಾಸ್ತರ, ನೀವು ಪಾಠ ಹೇಳ್ರಿ. ಇದು ನಿಮ್ಮ ಕೈಲೆ ಆಗೂ ಕೆಲಸ ಅಲ್ಲ" ಎಂದು ಕಾಶೀರಾಮರು ವಿಮಾನವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಊರಲ್ಲಿ ನನ್ನನ್ನು ಕಂಡವರು ಕೈಯನ್ನು ಎಡಕ್ಕೆ ಸುತ್ತಿಸಿ ನಗುತ್ತಿದ್ದರು.

ಡಿಸೆಂಬರಿನ ಒಂದು ಶುಕ್ರವಾರ, ಅಂಗಡಿಗೆ ರಜೆ ಇರುವ ದಿನ, ಮಕ್ಸೂದ ತಾನಾಗಿಯೇ ಭಾಲ್ಕಿಗೆ ಬಂದು ಕಪಾಟು ತೆಗೆಸಿದ. ರೇಡಿಯೋದ ತಂತಿ ಕಳಚಿ, ಬ್ಯಾಟರಿಯನ್ನು ನೇರವಾಗಿ ಸರ್ವೋಗೆ ಮುಟ್ಟಿಸಿದ. ಎಡಕ್ಕೆ ಹೋಯಿತು. ಬಲಕ್ಕೆ ಬರಲಿಲ್ಲ.

"ರೇಡಿಯೋ ಇಲ್ದೇನೂ ಹಟ ಮಾಡ್ತದ ನೋಡ್ರಿ ಮಾಸ್ತರ."

ಮುಚ್ಚಳ ಬಿಚ್ಚಿದ. ಬಲಕ್ಕೆ ತಿರುಗಿಸುವ ವಿದ್ಯುತ್ತು ಹರಿಯಬೇಕಾದ ಹಿತ್ತಾಳೆಯ ಪಟ್ಟಿಯ ಮೇಲೆ ಕಪ್ಪು ಜಿಗುಟು ಕೂತಿತ್ತು. ಅದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ. ಒರೆಸಿ ಮುಚ್ಚಿಬಿಟ್ಟಿದ್ದರೆ ನಮ್ಮಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಏನ್ ಸಿಕ್ತು ಮಿಯಾ?" ಎಂದರು ಕಾಶೀರಾಮರು.

"ನನ್ನ ಎಣ್ಣಿ ಸಿಕ್ತುರಿ. ಇದೂ ಒಂದು ಘಡಿ ಅಂತ ತಿಳ್ಕೊಂಡು ಹಾಕಿದ್ದೆ. ಅದು ಹರದು ಇಲ್ಲಿ ಬಂದು ಧೂಳ ಹಿಡದದ. ಮಾಸ್ತರರ ಬೆಸುಗಿ ಪಕ್ಕಾ ಅದರಿ."

"ಊರೆಲ್ಲಾ ನಿಮ್ಮ ಕಡಿ ಘಡಿ ಕೊಡ್ತದ. ಇಂಥಾ ಮಾತು ಹೊರಗ ಆಡಬ್ಯಾಡ್ರಿ."

"ಆಡ್ದಿದ್ರ ಮಂದಿ ಇವರಿಗೇ ನಗ್ತಾರಲ್ರಿ."

ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿದ. ಕಾಶೀರಾಮರು ಕಪಾಟಿನ ಕೀಲಿ ನನಗೆ ಕೊಟ್ಟರು. ಮುರಿದ ರೆಕ್ಕೆ ನಾನು ಕೂಡಿಸಿದೆ, ಸರ್ವೋ ಅವನು ಒಯ್ದ. ಗಣರಾಜ್ಯ ದಿನಕ್ಕೆ ಮತ್ತೆ ಹಾರಿಸುವುದೆಂದು ಮಾತಾಗಿತ್ತು. ಅವನು ಹೋಗಿ ಎರಡೇ ದಿನವಾಗಿತ್ತು, ಆ ದಿನ ನನಗೆ ಮನಸ್ಸಾಗಲಿಲ್ಲ. ಮುಂದಿನ ವಾರ ಹಾರಿಸಿದೆ. ಕರೆದಾಗ ಬಲಕ್ಕೆ ಬಂತು.

ಮೈಸೂರಿಗೆ ಸೇರಿದ ಮೇಲೆ ಬೀದರಿನ ಕಚೇರಿಗಳ ಉರ್ದು ಬೋರ್ಡುಗಳು ಕನ್ನಡಕ್ಕೆ ಬದಲಾಗುತ್ತಿದ್ದವು. ಮಕ್ಸೂದನಿಗೆ ಕನ್ನಡ ಮಾತು ಬರುತ್ತಿತ್ತು, ಬರಹ ಬರುತ್ತಿರಲಿಲ್ಲ. ನಾನು ಹೋದಾಗಲೆಲ್ಲ ನಾಲ್ಕು ಅಕ್ಷರ ಹೇಳಿಸಿಕೊಳ್ಳುತ್ತಿದ್ದ.

ಅವನು ತೀರಿಕೊಳ್ಳುವ ಹಿಂದಿನ ದಿನ, ಬುಧವಾರ ಸಂಜೆಯ ಮಾತನ್ನು ಅವನ ಹೆಂಡತಿ ರಹೀಮುನ್ನಿಸಾ ಸರ್ವೋವನ್ನು ನನ್ನ ಕೈಗಿಡುತ್ತ ಹೇಳಿದರು. ಹಿತ್ತಾಳೆಯ ಪಟ್ಟಿಯನ್ನು ಸ್ಪಿರಿಟ್ಟಿನಿಂದ ತೊಳೆದು ಒಣಗಿಸಿದ್ದನಂತೆ. ತಂತಿ ಮುಟ್ಟಿಸಲು ಅವರನ್ನು ಕೂರಿಸಿಕೊಂಡು, ಎಡಕ್ಕೆ, ಬಲಕ್ಕೆ, ಇನ್ನೊಮ್ಮೆ ಎನ್ನುತ್ತ ಬಹಳ ಹೊತ್ತು ನೋಡಿದ. ಮುಚ್ಚಳ ಹಾಕುವ ಮೊದಲು ಕೈ ಎಣ್ಣೆಯ ಸೂಜಿಗೆ ಹೋಯಿತು. ಅದನ್ನು ಕೆಳಗಿಟ್ಟು, ಮುಚ್ಚಿ ತಿರುಪು ಬಿಗಿದ. ಆಮೇಲೆ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಎಣ್ಣಿ ಬ್ಯಾಡ ಎಂದು ಬರೆದು ಸರ್ವೋಗೆ ದಾರದಿಂದ ಕಟ್ಟಿದ.