ಭಾನುವಾರವೂ ಬಿಡದ ಬಡಿತ

ಫೆಬ್ರವರಿಯ ಎರಡನೇ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಕಾಮಾಕ್ಷಿಪಾಳ್ಯದ ಮನೆಯಲ್ಲಿ ನಾನು, ಹೆಂಡತಿ ಇಬ್ಬರೇ. ಪತ್ರಿಕೆ ಓದಲು ಕುಳಿತರೆ ಹೊರಗೆ ಮತ್ತೆ ಅದೇ 'ಟಕ್, ಟಕ್, ಟಕ್'. ಪಕ್ಕದ ವರ್ಕ್‌ಶಾಪಿನ ಈ ಸುತ್ತಿಗೆ ಸದ್ದಿಗೆಂದೇ ವಾರದಿಂದ ಕಿಟಕಿ ಮುಚ್ಚಿದ್ದೆ. ರಜೆಯ ದಿನವೂ ಬಡಿಯುವುದೆಂದರೇನು? ಇವತ್ತು ಕೇಳಿಯೇ ಬಿಡುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟೆ.

ವರ್ಕ್‌ಶಾಪಿನ ಯಜಮಾನ ಮಂಜಣ್ಣ ಹೊರಗೆ ಸ್ಕೂಟರ್ ಒರೆಸುತ್ತಿದ್ದರು. ನನ್ನ ದೂರು ಕೇಳಿ ಷಟರ್ ಕಡೆ ಕೈ ತೋರಿಸಿದರು.

"ಬೀಗ ನೋಡಿ ಸಾರ್. ಒಳಗೇನು ದೆವ್ವ ಬಡೀತಾ ಇದ್ಯಾ?"

ಅಷ್ಟರಲ್ಲಿ ನಮ್ಮ ತಲೆಯ ಮೇಲೇ 'ಟಕ್, ಟಕ್' ಎಂದಿತು. ಹೊಂಗೆಮರದ ಒಣಗಿದ ತುದಿಯಲ್ಲಿ ಗುಬ್ಬಿಗಿಂತ ತುಸು ದಪ್ಪನೆಯ ಹಸಿರು ಹಕ್ಕಿ. ಹಣೆ ಕುಂಕುಮಗೆಂಪು, ಗಂಟಲು ಹಳದಿ. ಒಂದೊಂದು ಬಡಿತಕ್ಕೂ ತಲೆಯಾಡಿಸುತ್ತಿತ್ತು. ಕಂಚು ಬಡಿದಂತೆ ಕೂಗುವ ಕಂಚುಕುಟಿಗದ ಹೆಸರು ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ.

"ಭಾನುವಾರಾನೂ ಡ್ಯೂಟಿ! ನಮ್ಮ ಹುಡುಗ್ರಿಗೆ ತೋರಿಸ್ಬೇಕು ಸಾರ್," ಎಂದು ಮಂಜಣ್ಣ ನಕ್ಕರು. ಬೈಯಲು ಹೋದವನು ಅವರನ್ನು ತಿಂಡಿಗೆ ಕರೆದೆ.

"ಬೈದು ಬಂದ್ರಾ?" ಎನ್ನುತ್ತಾ ಬಾಗಿಲಿಗೆ ಬಂದ ಹೆಂಡತಿ, ನನ್ನ ಹಿಂದೆ ಮಂಜಣ್ಣನನ್ನು ಕಂಡು ಇನ್ನೊಂದು ತಟ್ಟೆ ತರಲು ಒಳಗೆ ಹೋದಳು.

ಅವರು ಹೊರಟ ಮೇಲೆ ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಟ್ಟು ತೆರೆದೆ. ಉಳಿದ ಪತ್ರಿಕೆಯನ್ನು ಆ ಬಡಿತ ಕೇಳುತ್ತಲೇ ಓದಿ ಮುಗಿಸಿದೆ.