ಪ್ಲಗ್ ಕೀಳುವ ವನಜಕ್ಕ

ಹೊಸ ಸಾಫ್ಟ್‌ವೇರ್ ತೋರಿಸಲು ಯಾರಾದರೂ ಬಂದರೆ ವನಜಕ್ಕ ಮೊದಲು ಕುರ್ಚಿ ಕೊಡುತ್ತಿದ್ದರು, ಆಮೇಲೆ ಕಾಫಿ ಕೊಡುತ್ತಿದ್ದರು, ಬಂದವರು ಅರ್ಧ ಪುಟ ಟೈಪ್ ಮಾಡಿ ಹುರುಪಿಗೆ ಬಂದ ಹೊತ್ತಿಗೆ ಎದ್ದು ಹೋಗಿ ಗೋಡೆಯಿಂದ ಪ್ಲಗ್ ಕೀಳುತ್ತಿದ್ದರು. ಬಂದವರು ಬಾಯಿ ಬಿಟ್ಟುಕೊಂಡು ಕಪ್ಪು ಪರದೆ ನೋಡುತ್ತಿರುವಾಗ ಮತ್ತೆ ಪ್ಲಗ್ ಚುಚ್ಚಿ, "ಈಗ ತೆಗೀರಿ ನೋಡುವ. ಎಷ್ಟು ಉಳ್ದಿದೆ?" ಎಂದು ಕೇಳುತ್ತಿದ್ದರು. ಉಳಿದಿದ್ದರೆ ಮಾತು ಮುಂದಕ್ಕೆ. ಇಲ್ಲದಿದ್ದರೆ ಕಾಫಿ ಮುಗಿಸಿ ಹೊರಡಬಹುದು. ಶಿವಮೊಗ್ಗದಿಂದ ಬಂದಿದ್ದ ಸೇಲ್ಸ್‌ಮನ್ ಒಬ್ಬ ಕಾಫಿಯನ್ನೂ ಮುಗಿಸಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಷನ್, ಮದುವೆ ಪತ್ರಿಕೆ ಎಂದೆಲ್ಲ ಇತ್ತೇ ಹೊರತು ಅವರು ಮನಸ್ಸಿಟ್ಟು ಮಾಡುತ್ತಿದ್ದ ಕೆಲಸದ ಸುದ್ದಿಯೇ ಇರಲಿಲ್ಲ. ಸುತ್ತಲಿನ ವರ್ಕ್‌ಶಾಪುಗಳಲ್ಲಿ ತಯಾರಾಗುವ ಯಂತ್ರಗಳಿಗೆ ಕೈಪಿಡಿ ಬರೆದು, ಪುಟ ಕಟ್ಟಿ ಕೊಡುವುದು ಆ ಕೆಲಸ. ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಕಾಳುಮೆಣಸು ಬಿಡಿಸುವ ಯಂತ್ರ, ಹೀಗೆ ಯಾವುದೇ ಇರಲಿ, ಹೇಗೆ ಚಾಲೂ ಮಾಡಬೇಕು, ಎಲ್ಲಿ ಎಣ್ಣೆ ಬಿಡಬೇಕು ಎಂದು ಹನ್ನೆರಡು ಪುಟದಲ್ಲಿ ಹೇಳಿ ಮುಗಿಸುತ್ತಿದ್ದರು. ಐವತ್ತೈದು ದಾಟಿದ ಹೆಂಗಸು. ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ, ಬೇಕಾದದ್ದು ಯಾವಾಗಲೂ ಇನ್ನೊಂದು ಕಡೆ.

ನಾನು ಅಲ್ಲಿಗೆ ಹೋದದ್ದು ದೊಡ್ಡ ಮನುಷ್ಯನಾಗಿ. ಆನ್‌ಲೈನಿನಲ್ಲಿ ಆರು ತಿಂಗಳ ಕೋರ್ಸ್ ಮಾಡಿ, ಟೆಕ್ನಿಕಲ್ ರೈಟರ್ ಎಂದು ಕಾರ್ಡು ಅಚ್ಚು ಹಾಕಿಸಿಕೊಂಡಿದ್ದೆ. ಕಾರ್ಡು ಅಚ್ಚು ಹಾಕಿದವರೂ ವನಜಕ್ಕನೇ. "ಇದೆಂತ ಕೆಲಸ ಮಾರಾಯ?" ಎಂದು ಕೇಳಿದ್ದರು. ವಿವರಿಸಿದೆ. "ಓ, ನಾನು ಮಾಡೋದೇ" ಎಂದರು. ನನಗೆ ಸಿಟ್ಟು ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ಏಳು ಸಾಫ್ಟ್‌ವೇರ್ ಇದ್ದವು. ಒಂದೇ ವಾಕ್ಯವನ್ನು ಹತ್ತು ಕೈಪಿಡಿಗೆ ಹಂಚುವುದು ಒಂದು, ಚಿತ್ರಕ್ಕೆ ಬಾಣ ಹಾಕುವುದು ಇನ್ನೊಂದು, ಓದುವವರ ಕಣ್ಣು ಪರದೆಯ ಮೇಲೆ ಎಲ್ಲೆಲ್ಲಿ ಅಲೆಯಿತು ಎಂದು ಕೆಂಪು ಹಳದಿ ಬಳಿದು ತೋರಿಸುವುದು ಮತ್ತೊಂದು. ಅವರ ಹತ್ತಿರ ಇದ್ದದ್ದು ಒಂದೇ, ಅದೂ ಹಳೆಯ ಕಾಲದ್ದು. ಅದನ್ನು ಮಾಡಿದ ಕಂಪನಿಯೇ ಅದನ್ನು ಮರೆತು ಎಷ್ಟೋ ವರ್ಷವಾಗಿತ್ತು.

ನನ್ನ ಏಳನ್ನೂ ಅವರಿಗೆ ತೋರಿಸಿ ಬೆರಗುಗೊಳಿಸಬೇಕೆಂದು ಒಂದು ಮಧ್ಯಾಹ್ನ ಕೂತೆ. ಅವರು ಪ್ಲಗ್ ಕಿತ್ತರು. ನಾನು ನಕ್ಕೆ.

"ಲ್ಯಾಪ್‌ಟಾಪಿಗೆ ಬ್ಯಾಟರಿ ಇರ್ತದೆ ಅಕ್ಕ."

"ಹೌದಲ್ಲ, ಮರ್ತೇಹೋಯ್ತು" ಎಂದು ಆಫ್ ಮಾಡುವ ಗುಂಡಿಯನ್ನೇ ಒತ್ತಿ ಹಿಡಿದರು. ಪರದೆ ಆರಿತು.

"ಹಾಗೆ ಮಾಡಿದ್ರೂ ಏನಾಗಲ್ಲ. ಎಲ್ಲ ಕ್ಲೌಡಲ್ಲಿ ಇರ್ತದೆ."

"ತೆಗಿ ಹಾಗಾದ್ರೆ."

ತೆಗೆಯಲು ಹೋದೆ. ನೆಟ್ ಇರಲಿಲ್ಲ. ಬೆಳಿಗ್ಗೆಯಿಂದ ಮಾಡಿದ ಒಂಬತ್ತು ಪುಟ ಎಲ್ಲಿದ್ದವೋ ಆ ದೇವರಿಗೇ ಗೊತ್ತು. ವನಜಕ್ಕ ಇನ್ನೊಂದು ಲೋಟ ಕಾಫಿ ಬಗ್ಗಿಸಿ ಕೊಟ್ಟರು. ಅವರು ಹಂಗಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಆದರೂ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಅವರ ಎರಡನೆಯ ಪರೀಕ್ಷೆ ಸಾಫ್ಟ್‌ವೇರಿಗಲ್ಲ, ಬರೆದವನಿಗೆ. ಯಾವ ಕೈಪಿಡಿಯೂ ಪ್ರೆಸ್ಸಿಗೆ ಹೋಗುವ ಮುಂಚೆ ಆ ಯಂತ್ರ ಅಂಗಡಿಯ ಹಿತ್ತಲಿಗೆ ಬರುತ್ತಿತ್ತು. ಜೆರಾಕ್ಸಿಗೆ ಬಂದು ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಒಬ್ಬರನ್ನು ಕರೆದು, ಕೈಪಿಡಿಯ ಒಂದು ಪ್ರತಿ ಕೊಟ್ಟು, "ಇದರಲ್ಲಿ ಹೇಳಿದ ಹಾಗೆ ಮಾಡಿ, ಇದು ನಿಮ್ಮ ಪರೀಕ್ಷೆ ಅಲ್ಲ, ಇವನದ್ದು" ಎಂದು ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಆಮೇಲೆ ನನ್ನ ಬಾಯಿಗೆ ಒಂದು ದೊಡ್ಡ ಕವಳ. ವೀಳ್ಯದೆಲೆ, ಅಡಿಕೆ, ಸುಣ್ಣ, ಕೆನ್ನೆ ಉಬ್ಬುವಷ್ಟು. ಬಾಯಲ್ಲಿ ಕವಳ ಇದ್ದವನು ಮಾತಾಡುವಂತಿಲ್ಲ, ಆಡಿದರೆ ಅಂಗಿ ಕೆಂಪಾಗುತ್ತದೆ. "ನಿನ್ನ ಪುಸ್ತಕದ ಸಂಗಡ ನೀನೂ ಎಲ್ಲರ ಮನೆಗೆ ಹೋಗ್ತೀಯ? ಇಲ್ಲ ತಾನೆ. ಹಾಗಾದ್ರೆ ಬಾಯಿ ಮುಚ್ಕೊಂಡು ನೋಡು" ಎನ್ನುತ್ತಿದ್ದರು.

ನಾನು ಬರೆದ ಸರಳ ಸುಂದರ ವಾಕ್ಯವನ್ನು ಒಬ್ಬರು ಮೂರು ಸಲ ಓದಿ ತಪ್ಪು ನಟ್ಟು ತಿರುಗಿಸುವುದನ್ನು ಬಾಯಿ ತುಂಬ ರಸ ಇಟ್ಟುಕೊಂಡು ನೋಡುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಮೊದಮೊದಲು ನಾನು ಓದುವವರನ್ನೇ ಬೈದುಕೊಳ್ಳುತ್ತಿದ್ದೆ. "ಓದಿದವರು ದಡ್ಡರು ಅಂತ ಅನ್ಸಿದ್ರೆ ಒಂದು ಕನ್ನಡಿ ತಗೊಂಡು ಬರ್ದವನ ಮುಖ ನೋಡು" ಎಂದರು ವನಜಕ್ಕ. ಅವರು ತಮ್ಮ ಫೈಲುಗಳಿಗೆ ಯಂತ್ರದ ಹೆಸರು ಇಡುತ್ತಲೇ ಇರಲಿಲ್ಲ. ಯಾರು ಎಲ್ಲಿ ಎಡವಿದರೋ ಅದೇ ಫೈಲಿನ ಹೆಸರು. 'ಶೇಷಪ್ಪ ಸಿಟ್ಟು', 'ಭಂಡಿಗಡಿ ಮೇಷ್ಟ್ರು ಕಕ್ಕಾಬಿಕ್ಕಿ', 'ಶೃಂಗೇರಿ ಅತ್ತೆ ನಕ್ಕಿದ್ದು'. ಹೊರಗಿನವರಿಗೆ ಅದರ ತಲೆಬುಡ ಗೊತ್ತಾಗುತ್ತಿರಲಿಲ್ಲ. ಅವರಿಗೆ ಮಾತ್ರ ಯಾವ ಪಂಪಿನ ಯಾವ ಪುಟ ಎಂದು ನಿದ್ದೆಯಲ್ಲಿ ಕೇಳಿದರೂ ಗೊತ್ತು.

ನರಸಿಂಹರಾಜಪುರದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ರುದ್ರಪ್ಪನವರು ಮೆಣಸು ಬಿಡಿಸುವ ಹೊಸ ಯಂತ್ರ ಮಾಡಿದ ವರ್ಷ ನನಗೆ ರೆಕ್ಕೆ ಬಂದಿತ್ತು. ಈ ಕೈಪಿಡಿ ನನ್ನ ಸಾಫ್ಟ್‌ವೇರಿನಲ್ಲೇ ಆಗಬೇಕು ಎಂದು ಹಟ ಹಿಡಿದೆ. ಅದರಲ್ಲಿ ಎಚ್ಚರಿಕೆಯ ಮಾತಿಗೆ ತಾನಾಗಿಯೇ ಕೆಂಪು ಚೌಕ ಬರುತ್ತಿತ್ತು, ಚೌಕಕ್ಕೆ ನೆರಳು ಬರುತ್ತಿತ್ತು. ರುದ್ರಪ್ಪನವರು ನೋಡಿದವರೇ ಮರುಳಾದರು. ವನಜಕ್ಕ, "ಚಂದ ಏನೋ ಉಂಟು" ಎಂದಷ್ಟೇ ಹೇಳಿ ಸುಮ್ಮನಾದರು. ಅವರು ಸುಮ್ಮನಾದರೆ ಹೆದರಬೇಕು ಎಂದು ನನಗೆ ಆಗ ಇನ್ನೂ ತಿಳಿದಿರಲಿಲ್ಲ. ಮೆಣಸು ಕೊಯ್ಲು ಹತ್ತಿರ ಬಂದದ್ದರಿಂದ ರುದ್ರಪ್ಪನವರು ನಮ್ಮ ಹಿತ್ತಲ ಪರೀಕ್ಷೆಗೆ ಕಾಯದೆ ಐನೂರು ಪ್ರತಿ ಅಚ್ಚು ಹಾಕಿಸಿಯೇಬಿಟ್ಟರು. ಜೇಬಿಗೆ ಹಿಡಿಯಲಿ ಎಂದು ಕೊನೆಯ ಗಳಿಗೆಯಲ್ಲಿ ಪುಟದ ಅಳತೆಯನ್ನು ಅರ್ಧಕ್ಕೆ ಇಳಿಸಲು ಹೇಳಿದ್ದರು. ನಾನು ಒಂದು ಗುಂಡಿ ಒತ್ತಿ ಇಳಿಸಿದ್ದೆ.

ಅಚ್ಚಾದ ಮೇಲೂ ವನಜಕ್ಕ ಪರೀಕ್ಷೆ ಬಿಡಲಿಲ್ಲ. ಅವತ್ತು ಬೆಂಚಿನ ಮೇಲೆ ಸಿಕ್ಕಿದವಳು ಹತ್ತಿರದ ನಾರ್ವೆ ಎಂಬ ಹಳ್ಳಿಯ ಗುಲಾಬಿ. ತೋಟದ ಕೆಲಸದವಳು, ಏಳನೆಯ ಕ್ಲಾಸಿನವರೆಗೆ ಓದಿದವಳು, ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು. ಹೇಳಿದ್ದಷ್ಟನ್ನೇ ಮಾಡುವ ಹೆಂಗಸು. ಐದು ಹಂತ ಸಲೀಸಾಗಿ ಮುಗಿಯಿತು. ಮೋಟರು ಗುಂಯ್ ಎನ್ನುತ್ತಿತ್ತು, ಡ್ರಮ್ಮು ಮಾತ್ರ ತಿರುಗುತ್ತಿರಲಿಲ್ಲ, ತೊಟ್ಟು ಸಿಕ್ಕಿರಬೇಕು ಎಂದುಕೊಂಡೆ. ಆರನೆಯದು ಪುಟದ ಕೊನೆಯ ಸಾಲು: "ಡ್ರಮ್ಮಿಗೆ ಸಿಕ್ಕಿಕೊಂಡ ತೊಟ್ಟುಗಳನ್ನು ಕೈಯಿಂದ ತೆಗೆಯಿರಿ." ಗುಲಾಬಿ ಪುಸ್ತಕ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಕೈಯನ್ನು ಡ್ರಮ್ಮಿನೊಳಗೆ ಹಾಕಿದಳು.

ಪುಟ ಅರ್ಧವಾದಾಗ ನನ್ನ ಕೆಂಪು ಚೌಕ ತಾನಾಗಿಯೇ ಮುಂದಿನ ಪುಟಕ್ಕೆ ಜಾರಿತ್ತು. ಯಂತ್ರ ನಿಲ್ಲಿಸಿದ ಮೇಲೆಯೇ ಇದನ್ನು ಮಾಡಿ ಎನ್ನುವ ಮಾತು, ನೆರಳಿನ ಸಮೇತ, ಹಾಳೆಯ ಆ ಬದಿಯಲ್ಲಿ ಇತ್ತು. ತೊಟ್ಟು ಸಿಕ್ಕಿಕೊಂಡಾಗ ಡ್ರಮ್ಮು ನಿಂತೇ ಇರುತ್ತದೆ, ಪಾಪದ ಹಾಗೆ ಕಾಣುತ್ತದೆ. ತೊಟ್ಟು ಎಳೆದೊಡನೆ ಗಿರ್ರನೆ ತಿರುಗಿ ಕೈಯನ್ನೂ ಎಳೆದುಕೊಳ್ಳುತ್ತದೆ. ನಾನು ಕಿರುಚಿದೆ. ಏನು ಕಿರುಚಿದೆನೋ ಗೊತ್ತಿಲ್ಲ. ಬಾಯಲ್ಲಿದ್ದ ಕವಳವೆಲ್ಲ ಗುಲಾಬಿಯ ಸೀರೆಯ ಮೇಲೆ, ಯಂತ್ರದ ಮೇಲೆ, ಐನೂರರಲ್ಲಿ ಒಂದು ಪ್ರತಿಯ ಮೇಲೆ ಬಿತ್ತು. ಗುಲಾಬಿ ಬೆಚ್ಚಿ ಕೈ ತೆಗೆದಳು.

"ಇವ್ರಿಗೆ ಎಂತಾಯ್ತು ಅಕ್ಕ? ಬರ್ದ ಹಾಗೇ ಮಾಡಿದ್ನಲ್ಲ!"

"ನೀನು ಸರಿಯಾಗೇ ಮಾಡಿದಿ" ಎಂದರು ವನಜಕ್ಕ. ಅವರು ಬೆಳಿಗ್ಗೆಯೇ ಮೋಟರಿನಿಂದ ಡ್ರಮ್ಮಿಗೆ ಹೋಗುವ ಬೆಲ್ಟನ್ನು ಬಿಚ್ಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡಿದ್ದರು. ಗುಲಾಬಿಯ ಕೈಗೆ ಏನೂ ಆಗುತ್ತಿರಲಿಲ್ಲ. ಆದರೆ ಇನ್ನುಳಿದ ಯಂತ್ರಗಳ ಬೆಲ್ಟು ಅವರ ಚೀಲದಲ್ಲಿ ಇರುವುದಿಲ್ಲವಲ್ಲ. ನಾನು ಹಿತ್ತಲಿನ ಮೆಟ್ಟಿಲ ಮೇಲೆ ಕೂತೆ.

ಸಂಜೆ ರುದ್ರಪ್ಪನವರು ಬಂದರು. ಐನೂರು ಪ್ರತಿ ಸುಡಬೇಕು ಎಂದು ಕೇಳಿ ಅವರ ಮುಖ ಇಳಿಯಿತು.

"ಒಂದೊಂದು ಚೀಟಿ ಅಂಟ್ಸಿ ಕಳ್ಸೋಣ ಬಿಡಮ್ಮ."

"ಚೀಟಿ ಕಿತ್ತು ಹೋದ್ರೆ ಇನ್ನೊಂದು ಅಂಟಿಸಬಹುದು ಸಾಹುಕಾರ್ರೇ. ಕೈ ಕಿತ್ತು ಹೋದ್ರೆ ಯಾವ ಗೋಂದು ತರ್ತೀರಿ?"

"ಹಾಗಾದ್ರೆ ಪುಸ್ತಕನೇ ಬೇಡ. ಮೊಬೈಲಿಗೆ ವಿಡಿಯೊ ಕಳಿಸಿದ್ರೆ ಆಯ್ತಪ್ಪ."

"ಹಿರೇಕೊಡಿಗೆಯ ಗುಡ್ಡದ ಮೇಲಕ್ಕೆ ನೆಟ್‌ವರ್ಕನ್ನ ನೀವು ಡಬ್ಬಿಲಿ ತುಂಬಿ ಕಳಿಸ್ತೀರ?"

ರುದ್ರಪ್ಪನವರು ನನ್ನ ಕಡೆ ತಿರುಗಿದರು. "ಇದು ಯಾರ ತಪ್ಪು? ಅದನ್ನ ಹೇಳಿ ಮೊದ್ಲು."

ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ವನಜಕ್ಕ, "ನಂದು. ಪ್ರೆಸ್ಸಿಗೆ ಹೋಗೋ ಮುಂಚೆ ಪುಟ ನೋಡ್ಬೇಕಾದ್ದು ನಾನು" ಎಂದರು. ಅವರು ಆ ಪುಟ ನೋಡಿರಲೇ ಇಲ್ಲ. ನೋಡಲು ನಾನು ಕೊಟ್ಟಿರಲೂ ಇಲ್ಲ. ಅವತ್ತು ಕೆಲಸ ಹೋಗದೆ ಉಳಿದದ್ದು ಆ ಒಂದು ಮಾತಿನಿಂದ, ಆ ಮಾತಿನ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಮೂರು ದಿನ ಕೂತು ತಮ್ಮ ಹಳೆಯ ಸಾಫ್ಟ್‌ವೇರಿನಲ್ಲಿ ಹನ್ನೆರಡು ಪುಟವನ್ನೂ ಮತ್ತೆ ಕಟ್ಟಿದರು. ಚೌಕವಿಲ್ಲ, ನೆರಳಿಲ್ಲ. ಆರನೆಯ ಹಂತದ ಮೊದಲ ಮಾತೇ "ಸ್ವಿಚ್ ಆಫ್ ಮಾಡಿ. ಮೋಟರಿನ ಸದ್ದು ಪೂರ್ತಿ ನಿಲ್ಲುವವರೆಗೆ ಒಳಗೆ ಕೈ ಹಾಕಬೇಡಿ." ಆ ಫೈಲಿಗೆ 'ಗುಲಾಬಿ ಸೀರೆ' ಎಂದು ಹೆಸರಿಟ್ಟು, ನನಗೆ ಅವಳಿಗೊಂದು ಹೊಸ ಸೀರೆ ತರಲು ಹೇಳಿದರು. ಆ ಸೀರೆ ಆಯ್ಕೆ ಮಾಡಲು ಮಾತ್ರ ನನ್ನ ಏಳು ಸಾಫ್ಟ್‌ವೇರಿನಲ್ಲಿ ಒಂದೂ ನೆರವಿಗೆ ಬರಲಿಲ್ಲ.

ನಾನು ವನಜಕ್ಕನನ್ನು ಕೊನೆಯ ಸಲ ನೋಡಿದ್ದು ಒಂದು ಸೋಮವಾರ, ಮೂರು ದಿನದ ರಜೆಗೆ ಹೊರಡುವ ಮುಂಚೆ. ಯಾರದೋ ಗೃಹಪ್ರವೇಶದ ಪತ್ರಿಕೆ ಟೈಪ್ ಮಾಡುತ್ತಾ, "ಈ ಮುದುಕ ಕಂಪ್ಯೂಟರ್ ಇನ್ನೊಂದು ವರ್ಷ ಎಳೀತದೆ, ನಾನೂ ಎಳೀತೀನಿ" ಎಂದಿದ್ದರು. ಗುರುವಾರ ಬೆಳಿಗ್ಗೆ ಎದೆ ನೋವು ಎಂದರಂತೆ. ಆಸ್ಪತ್ರೆ ತಲುಪಲಿಲ್ಲ. ಅಷ್ಟು ಅವಸರದಲ್ಲಿ ಅವರು ಯಾವ ಕೆಲಸವನ್ನೂ ಮಾಡಿದವರಲ್ಲ. ನನಗೆ ಅಳುವುದಕ್ಕಿಂತ ಜಗಳ ಆಡಬೇಕು ಅನಿಸಿತು.

ಆರು ತಿಂಗಳಾದ ಮೇಲೆ ರುದ್ರಪ್ಪನವರು ಅದೇ ಯಂತ್ರದ ದೊಡ್ಡ ಮಾದರಿ ಮಾಡಿ, ಹಳೆಯ ಕೈಪಿಡಿಯನ್ನೇ ಸ್ವಲ್ಪ ತಿದ್ದಿ ಕೊಡು ಎಂದರು. 'ಗುಲಾಬಿ ಸೀರೆ' ನನ್ನ ಪೆನ್‌ಡ್ರೈವಿನಲ್ಲಿ ಇತ್ತು. ಆದರೆ ಅದನ್ನು ತೆರೆಯುವ ಸಾಫ್ಟ್‌ವೇರ್, ಅಂಗಡಿ ಖಾಲಿ ಮಾಡಿದಾಗ, ಅವರ ಕಂಪ್ಯೂಟರಿನ ಜೊತೆಗೇ ಗುಜರಿಗೆ ಹೋಗಿತ್ತು. ನನ್ನ ಏಳರಲ್ಲೂ ಹಾಕಿ ನೋಡಿದೆ, ಬರೀ ಚೌಕ, ಪ್ರಶ್ನೆ ಚಿಹ್ನೆ. ಎಲ್ಲರ ಪ್ಲಗ್ ಕಿತ್ತು ನೋಡಿದ ಹೆಂಗಸು ತಾನು ಹೋದ ಮೇಲೆ ಈ ಫೈಲನ್ನು ಯಾರು ತೆರೆಯುತ್ತಾರೆ ಎಂದು ಯೋಚಿಸಿರಲೇ ಇಲ್ಲ. ನನ್ನ ಕೋಣೆಯ ನಡುವೆ ನಿಂತು ಅವರನ್ನು ಚೆನ್ನಾಗಿ ಬೈದೆ.

ವರ್ಕ್‌ಶಾಪಿನಲ್ಲಿ ಒಂದೂ ಪ್ರತಿ ಉಳಿದಿರಲಿಲ್ಲ. ಅಚ್ಚಾದದ್ದು ಯಾರ ಮನೆಯಲ್ಲಾದರೂ ಇರಬೇಕು ಎಂದು ಹಿರೇಕೊಡಿಗೆಯಲ್ಲಿ ಯಂತ್ರ ಕೊಂಡವರ ಕಣಕ್ಕೆ ಹೋದೆ. ಬಿಸಿಲಲ್ಲಿ ನಾಲ್ಕು ಹೆಂಗಸರು ಮೆಣಸು ಬಿಡಿಸುತ್ತಿದ್ದರು. ಪುಸ್ತಕ ಕೇಳಿದರೆ ನಕ್ಕರು.

"ಪುಸ್ತಕ ಯಾವಾಗ್ಲೋ ಒಲೆಗೆ ಹೋಯ್ತು. ಪುಸ್ತಕ ಎಂತಕ್ಕೆ? ನಮ್ಗೆ ಗೊತ್ತುಂಟಲ್ಲ."

ಅಷ್ಟು ಹೇಳುವುದರೊಳಗೆ ಯಂತ್ರ ಸಿಕ್ಕಿಕೊಂಡಿತು. ಒಬ್ಬಳು ಸ್ವಿಚ್ ಆಫ್ ಮಾಡಿದಳು. ನಾಲ್ವರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯ ಮಕ್ಕಳಂತೆ ಸಾಲಾಗಿ ನಿಂತರು. ನಾನು ಒಳಗೆ ಏನಾಗಿದೆ ಎಂದು ಬಗ್ಗಿದೆ.

"ಓ ಅಣ್ಣ! ಸದ್ದು ನಿಲ್ಲೋ ತನಕ ಕೈ ಹಿಂದೆ!" ಎಂದು ಗದರಿದಳು ಆಕೆ.

ನಾನೂ ಕೈ ಹಿಂದೆ ಕಟ್ಟಿದೆ. ಸದ್ದು ನಿಂತಿತು. ಆಮೇಲೆ ಅವಳು ತೊಟ್ಟು ಎಳೆದಳು.

"ಹೀಗೆ ಯಾರು ಹೇಳಿಕೊಟ್ರು?" ಎಂದು ಕೇಳಿದೆ.

"ಪುಸ್ತಕದಲ್ಲಿ ಕೈ ಹಾಕ್ಬೇಡಿ ಅಂತ ಇತ್ತಂತೆ. ಹಾಕ್ಬೇಡಿ ಅಂದ್ರೆ ಆಯ್ತಾ? ಸುಮ್ನಿದ್ದ ಕೈ ತಾನಾಗೇ ಹೋಗ್ತದೆ. ಅದಕ್ಕೆ ನಾವೇ ಹೀಗೆ ಮಾಡ್ಕೊಂಡ್ವಿ."

ವನಜಕ್ಕನ ಅತಿ ಮುಖ್ಯ ವಾಕ್ಯದಲ್ಲೇ ತಪ್ಪಿತ್ತು. ಮೂರು ದಿನ ಕೂತು ಬರೆದದ್ದನ್ನು, ಅವರ ಹೆಸರೂ ಕೇಳದ ನಾಲ್ಕು ಹೆಂಗಸರು ಬಿಸಿಲಲ್ಲಿ ನಿಂತು ತಿದ್ದಿದ್ದರು. ನಾಲ್ವರ ಕೈಗಳನ್ನೂ ನೋಡಿದೆ. ಎಂಟೂ ಸರಿಯಾಗಿದ್ದವು. ಕಣ್ಣು ಒದ್ದೆಯಾಯಿತು. ಮೆಣಸಿನ ಘಾಟು ಎಂದು ಅವರಿಗೆ ಹೇಳಿದೆ.

ಹೊಸ ಕೈಪಿಡಿಯಲ್ಲಿ ಆರನೆಯ ಹಂತ ಹೆಂಗಸರು ಹೇಳಿದ ಹಾಗೆಯೇ ಇದೆ. ಅಚ್ಚಾದ ದಿನ ಮೊದಲ ಪ್ರತಿ ಹಿಡಿದುಕೊಂಡು, ಈ ತಪ್ಪು ತೋರಿಸಿ ವನಜಕ್ಕನ ಮುಖ ಹೇಗಾಗುತ್ತದೋ ನೋಡಬೇಕೆಂದು ಖುಷಿಯಲ್ಲಿ ದಾಪುಗಾಲು ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋದೆ. ಬಾಗಿಲಿಗೆ ಬಂದ ಮೇಲೆ ನೆನಪಾಯಿತು. ಅಲ್ಲೀಗ ಮೊಬೈಲ್ ಕವರ್ ಮಾರುವ ಅಂಗಡಿ. ಕೌಂಟರಿನ ಹೆಂಗಸು ತಲೆಯೆತ್ತಿ, "ಯಾವ ಫೋನಿಗೆ ಬೇಕಿತ್ತು?" ಎಂದು ಕೇಳಿದಳು.